ಯಾರನ್ನು ಕಳಿಸೋಣ?

ಸೋಣೆ ತಿಂಗಳಲ್ಲಿ ಅಮಾಸೆಬೈಲಿನ ಮಳೆಗೆ ಹೊತ್ತುಗೊತ್ತಿಲ್ಲ. ಬಿಸಿಲು ಬಿತ್ತೆಂದು ಅಂಗಳದಲ್ಲಿ ಬಟ್ಟೆ ಹರವುವಷ್ಟರಲ್ಲಿ ಗುಡ್ಡದ ಆಚೆ ಸದ್ದು ಏಳುತ್ತದೆ. ಅದು ಕಾಡು ದಾಟಿ, ಗದ್ದೆ ದಾಟಿ ಮನೆಯ ಮಾಡಿಗೆ ಬಂದು ಬೀಳುವುದಕ್ಕೆ ಒಂದು ವೀಳ್ಯ ಮಡಿಸುವಷ್ಟು ಹೊತ್ತೂ ಬೇಡ. ಅಂಥದೊಂದು ದಿನ ನಮ್ಮ ಕಡೆಯ ಒಂದು ಶಾಲೆಯಲ್ಲಿ, ತಗಡಿನ ಮಾಡಿನ ಕೆಳಗೆ, ನಾವು ಮೂವರು ತೀರ್ಪುಗಾರರು ಕೂತಿದ್ದೆವು. ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿ. ಮಳೆ ಕಡಿಮೆಯಾಗದೆ ಹಾಡು ಕೇಳಿಸದು, ಹಾಡು ಕೇಳಿಸದೆ ಅಂಕ ಹಾಕುವಂತಿಲ್ಲ. ಹೆಡ್‌ಮಾಸ್ತರು ಚಾ ತರಿಸಿದರು. ಗೋಡೆಯುದ್ದಕ್ಕೂ ಮಕ್ಕಳು ಕಾಯುತ್ತಿದ್ದರು. ಛದ್ಮವೇಷಕ್ಕೆ ಬಂದ ಒಬ್ಬ ಗಾಂಧೀಜಿ, ಒಬ್ಬಳು ಓಬವ್ವ, ಮೈತುಂಬ ಎಲೆ ಕಟ್ಟಿಕೊಂಡು ಕೂರಲಾಗದೆ ನಿಂತೇ ಇದ್ದ ಒಂದು ಹಲಸಿನ ಮರ.

ಲಘು ಸಂಗೀತಕ್ಕೆ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಬಂದಳು. ಎರಡು ಜಡೆ ಮಡಿಸಿ ಕಟ್ಟಿದ ಕೆಂಪು ರಿಬ್ಬನ್, ಒದ್ದೆಯಾದ ಲಂಗದ ಅಂಚು, ಎದೆಗೆ ಪಿನ್ನು ಹಾಕಿದ ಚೀಟಿಯಲ್ಲಿ ನಂಬರು. ಟೀಚರು ಕಲಿಸಿದ ಭಾವಗೀತೆಯನ್ನು ಚೆನ್ನಾಗಿಯೇ ಎತ್ತಿಕೊಂಡಳು. ಎರಡನೆಯ ಚರಣಕ್ಕೆ ಬಂದು ನಿಂತಳು. ಕಿಟಕಿಯಾಚೆ ಟೀಚರ ತುಟಿ ಆಡುತ್ತಿತ್ತು, ಮಳೆಯಲ್ಲಿ ಅದು ಅವಳಿಗೆ ಮುಟ್ಟಲಿಲ್ಲ. ಇನ್ನೊಂದು ಮಗುವಾಗಿದ್ದರೆ ಅತ್ತು ಹೊರಗೆ ಓಡುತ್ತಿತ್ತು. ಇವಳು ನಮ್ಮ ಕಡೆ ತಿರುಗಿ, "ಸರ್, ನಮ್ಮ್ ಅಜ್ಜಿ ಹಾಡ್ ಹೇಳ್ಲಕ್ಕಾ?" ಎಂದಳು.

ಹೇಳು ಮಗಾ ಎಂದೆವು. ಸಮಯ ಇನ್ನೂ ಇತ್ತು.

ಅದು ನಟ್ಟಿಯ ಹಾಡು. ಸೊಂಟ ಬಗ್ಗಿಸಿ ಅಗೆ ನೆಡುತ್ತ ಒಬ್ಬರು ಹೇಳಿ, ಉಳಿದವರು ಸೊಲ್ಲು ತೆಗೆದುಕೊಳ್ಳುವ ಹಾಡು. ಹುಡುಗಿ ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕಿಕೊಂಡು, ಸೊಲ್ಲು ತಿರುಗಿ ಹೇಳುವವರು ಯಾರೂ ಇಲ್ಲದ್ದರಿಂದ ಅದನ್ನೂ ತಾನೇ ಹೇಳಿಕೊಂಡು ಹಾಡಿದಳು. ಗದ್ದೆಯ ಈ ಅಂಚಿನಿಂದ ಆ ಅಂಚಿಗೆ ಮುಟ್ಟಬೇಕಾದ ಹಾಡನ್ನು ಮೈಕಿಲ್ಲದೆ ಹಾಡಲು ಯಾರೋ ಕಲಿಸಿದ್ದರು. ಸ್ವರ ತಗಡಿನ ಸದ್ದನ್ನು ದಾಟಿ ಬಂತು. ಹಲಸಿನ ಮರ ತಲೆಯಾಡಿಸುತ್ತ ನಿಂತಿತ್ತು.

ನಮ್ಮ ಮುಂದಿನ ಹಾಳೆಯಲ್ಲಿ ಸ್ವರ, ಶ್ರುತಿ, ತಾಳ, ಸಾಹಿತ್ಯ, ಪ್ರಸ್ತುತಿ ಎಂದು ಗೆರೆ ಎಳೆದಿತ್ತು. ಮೊದಲ ಹಾಡು ಮರೆತದ್ದಕ್ಕೆ ಸಾಹಿತ್ಯದಲ್ಲಿ ಅಂಕ ಹೋಯಿತು. ಎರಡನೆಯದು ಲಘು ಸಂಗೀತದಲ್ಲಿ ಸೇರುತ್ತದೋ ಜಾನಪದದಲ್ಲಿ ಸೇರುತ್ತದೋ ಎಂಬ ಮಾತು ಬಂತು. ಲೆಕ್ಕ ಕೂಡಿಸಿದಾಗ ಅವಳು ಮೂರನೆಯವಳು. ಮುಂದಿನ ಹಂತಕ್ಕೆ ಹೋಗುವುದು ಮೊದಲನೆಯವರು ಮಾತ್ರ. ಹಾಳೆಯ ಕೆಳಗೆ ನಾನೂ ಸಹಿ ಹಾಕಿದೆ. ಆ ಸಹಿ ನನ್ನನ್ನು ಈಗಲೂ ಚುಚ್ಚುತ್ತದೆ.

ಪ್ರತಿಭಾ ಕಾರಂಜಿಯನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಮ್ಮ ಶಿಕ್ಷಣ ಇಲಾಖೆ ನಡೆಸಿಕೊಂಡು ಬಂದ ಈ ಏರ್ಪಾಡಿನ ಬಗ್ಗೆ ನನಗೆ ನಿಜವಾದ ಗೌರವ ಇದೆ. ಶಾಲೆ, ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ಏಣಿ ಅದು. ಕಂಠಪಾಠ, ಕಥೆ ಹೇಳುವುದು, ಮಣ್ಣಿನ ಮಾದರಿ, ಭಕ್ತಿಗೀತೆ, ಕವ್ವಾಲಿ, ಮಿಮಿಕ್ರಿ, ಹೀಗೆ ಯಾವ ಮಗುವಿಗೂ ಕಾಲಿಡಲು ಒಂದು ಜಾಗ ಸಿಗುವಂತೆ ಮಾಡಿಟ್ಟಿದ್ದಾರೆ. ದೊಡ್ಡ ತರಗತಿಯ ಮಕ್ಕಳಿಗೆ 2015ರಿಂದ ಕೇಂದ್ರ ಸರ್ಕಾರದ ಕಲಾ ಉತ್ಸವವೂ ಇದೆ. ಅಲ್ಲಿಗೆ ಕರ್ನಾಟಕವೇ ತನ್ನ ಮಕ್ಕಳನ್ನು ಆರಿಸಿ ಕಳಿಸುತ್ತದೆ. ಕುಂದಾಪುರ ಪೇಟೆಯನ್ನೇ ಅಪರೂಪಕ್ಕೆ ಕಾಣುವ ಕಾಡಿನಂಚಿನ ಮಗುವೊಂದು ಈ ಏಣಿ ಹತ್ತಿ ರಾಜ್ಯಮಟ್ಟದ ವೇದಿಕೆಗೆ ಹೋಗಬಹುದು. ಹಾಗಿರುವಾಗ ಮೊದಲ ಮೆಟ್ಟಿಲಿನಲ್ಲಿ ಕೂತವನ ಕೈ ಎಷ್ಟು ಎಚ್ಚರದಿಂದ ಇರಬೇಕು!

ಆ ವಾರವೇ ಡಬ್ಲಿನ್‌ನಿಂದ ನನ್ನ ತಂಗಿಯ ಮಗಳ ಫೋನು ಬಂತು. ಅವಳು ಐರ್ಲೆಂಡಿಗೆ ಹೋಗಿ ಎಷ್ಟೋ ವರ್ಷವಾಯಿತು. ಅವಳ ಮಗಳು ಅಲ್ಲಿನ ಶಾಲೆಯಲ್ಲಿ ಇಂಗ್ಲಿಷಿನ ಜೊತೆಗೆ ಐರಿಷ್ ಭಾಷೆಯನ್ನೂ ಕಲಿಯುತ್ತಾಳೆ. "ಮಾವ, ಇಲ್ಲಿ ಟಿವಿಯಲ್ಲಿ ದೇಶಕ್ಕೆ ಒಂದು ಮಗುವನ್ನು ಆರಿಸುತ್ತಾರೆ. ನಿಮ್ಮ ಪ್ರತಿಭಾ ಕಾರಂಜಿಯ ಹಾಗೆಯೇ," ಎಂದಳು. ಜೂನಿಯರ್ ಯೂರೋವಿಷನ್ ಎಂಬ ಮಕ್ಕಳ ಹಾಡಿನ ಸ್ಪರ್ಧೆಯ ಮಾತು ಅದು. ದೇಶಕ್ಕೊಂದು ಹಾಡು, ಹಾಡುವವರು ಮಕ್ಕಳು. 2003ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಶುರುವಾಯಿತು. ಹದಿನಾರು ದೇಶಗಳು ಬಂದಿದ್ದವು. ಕ್ರೊಯೇಷಿಯಾದ ಹನ್ನೊಂದು ವರ್ಷದ ಡಿನೊ ಯೆಲುಸಿಚ್ ಎಂಬ ಹುಡುಗ ಗೆದ್ದ. ಅವನೀಗ ದೊಡ್ಡ ರಾಕ್ ಗಾಯಕ. ಮೊದಲ ಕೆಲವು ವರ್ಷ ಹಾಡನ್ನು ಮಕ್ಕಳೇ ಕಟ್ಟಬೇಕು ಎಂಬ ನಿಯಮವೂ ಇತ್ತಂತೆ. ಆ ನಿಯಮವನ್ನು ಆಮೇಲೆ ಕೈಬಿಟ್ಟರು. ಬಿಡಬಾರದಿತ್ತು ಎಂದೇ ನನಗೆ ಅನಿಸುತ್ತದೆ. ಮಕ್ಕಳು ಕಟ್ಟುವ ಹಾಡಿನಲ್ಲಿ ದೊಡ್ಡವರಿಗೆ ಹೊಳೆಯದ ಒಂದು ಓರೆ ಇರುತ್ತದೆ.

ನಮ್ಮ ದೇಶ ಆ ಸ್ಪರ್ಧೆಯಲ್ಲಿಲ್ಲ. ಆದರೂ ತಂಗಿಯ ಮಗಳು ಹೇಳಿದ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಅಲ್ಲಿ ಮಗು ತನ್ನ ದೇಶದ ಭಾಷೆಯಲ್ಲೇ ಹಾಡಬೇಕು. ನಡುವೆ ಇಂಗ್ಲಿಷಿನ ನಾಲ್ಕು ಸಾಲು ಬಂದರೆ ಬರಲಿ, ಹೆಚ್ಚಿನ ಪಾಲು ತನ್ನದೇ ಭಾಷೆ. ದೊಡ್ಡವರ ಯೂರೋವಿಷನ್‌ನಲ್ಲಿ ಈ ಕಟ್ಟು ಇಲ್ಲ, ಅಲ್ಲಿ ಅನೇಕ ದೇಶಗಳು ಇಂಗ್ಲಿಷಿಗೇ ಹೋಗಿವೆ. ಮಕ್ಕಳಿಗೆ ಮಾತ್ರ ಈ ಕಟ್ಟು ಉಳಿಸಿಕೊಂಡಿದ್ದಾರೆ. ಐರ್ಲೆಂಡ್ 2015ರಲ್ಲಿ ಮೊದಲ ಸಲ ಸೇರಿದಾಗ ಜವಾಬ್ದಾರಿ ಹೊತ್ತದ್ದು ಅಲ್ಲಿನ ಐರಿಷ್ ಭಾಷೆಯ ವಾಹಿನಿ. ದೇಶದ ಮೂಲೆ ಮೂಲೆಯ ಮಕ್ಕಳು ಐರಿಷ್‌ನಲ್ಲಿ ಹಾಡಿ, ಸುತ್ತು ಸುತ್ತಾಗಿ ಗೆದ್ದು ಬಂದವರಲ್ಲಿ ಒಬ್ಬರನ್ನು ಕಳಿಸುತ್ತಾರೆ. ಶಾಲೆಯ ಹೊರಗೆ ಆ ಭಾಷೆಯನ್ನು ದಿನವೂ ಆಡುವವರು 2022ರ ಜನಗಣತಿಯಲ್ಲಿ ಎಪ್ಪತ್ತೆರಡು ಸಾವಿರದಷ್ಟು ಜನ, ಅಷ್ಟೇ. ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ಮನೆಮಾತಾದ ಕುಂದಾಪ್ರ ಕನ್ನಡ ಆಡುವವರು ಅದಕ್ಕಿಂತ ಎಷ್ಟೋ ಹೆಚ್ಚು.

ವೇಲ್ಸ್ ಇನ್ನೂ ಚಿಕ್ಕ ನಾಡು. 2018ರಲ್ಲಿ ವೆಲ್ಷ್ ಭಾಷೆಯ ಹಾಡು ಕೊಟ್ಟು ಒಬ್ಬ ಹುಡುಗಿಯನ್ನು ಮಿನ್ಸ್ಕ್ ನಗರಕ್ಕೆ ಕಳಿಸಿದರು. ಕಟ್ಟಕಡೆಯ ಸ್ಥಾನ ಬಂತು. ಮರುವರ್ಷ ಮತ್ತೆ ಆರಿಸಿದರು, ಮತ್ತೆ ವೆಲ್ಷ್‌ನಲ್ಲೇ ಹಾಡಿಸಿ ಕಳಿಸಿದರು. ಇದನ್ನು ಕೇಳಿ ನನಗೆ ಆದ ಸಂತೋಷ ಹೇಳಿ ಮುಗಿಯದು. ಕಡೆಯ ಸ್ಥಾನ ಬಂದರೂ ಭಾಷೆ ಬದಲಿಸಲಿಲ್ಲ ನೋಡಿ! ಇನ್ನೊಂದು ಸೋಜಿಗ: 2008ರಲ್ಲಿ ಜಾರ್ಜಿಯಾದ ಮೂರು ಮಕ್ಕಳು ಜೇನುಹುಳದ ವೇಷ ಹಾಕಿಕೊಂಡು, ಯಾವ ದೇಶದಲ್ಲೂ ಇಲ್ಲದ, ತಾವೇ ಮಾಡಿಕೊಂಡ ಭಾಷೆಯಲ್ಲಿ ಹಾಡಿ ಗೆದ್ದರು. ಕೇಳಿದವರಲ್ಲಿ ಯಾರಿಗೂ ಅರ್ಥ ಗೊತ್ತಿರಲಿಲ್ಲ, ಆದರೂ ಮತ ಹಾಕಿದರು. ನಮ್ಮ ಹುಡುಗಿಯ ನಟ್ಟಿಯ ಹಾಡು ಬೆಂಗಳೂರಿನವರಿಗೆ ಅರ್ಥವಾಗುತ್ತದೋ ಇಲ್ಲವೋ ಎಂದು ಹಿಂದುಮುಂದು ನೋಡುವವರಿಗೆ ಇದನ್ನು ಹೇಳಬೇಕು ಅನಿಸುತ್ತದೆ.

ನಮ್ಮ ಕಡೆ ಮಗು ಮನೆಯಲ್ಲಿ "ಹೋಯ್ಕ್, ಬರ್ಕ್" ಎನ್ನುತ್ತದೆ, ಶಾಲೆಯ ಗೇಟು ದಾಟಿದ ಕೂಡಲೇ ನಾಲಿಗೆ ಮಡಿಸಿಕೊಳ್ಳುತ್ತದೆ. ಪುಸ್ತಕದ ಕನ್ನಡ ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಮಾತಿನಲ್ಲಿ ಹಾಡಿದರೆ ಅದು ಕಡಿಮೆ ಎಂಬ ಭಾವ ಮಗುವಿಗೆ ಯಾರು ಕೊಟ್ಟದ್ದು? ಮಕ್ಕಳಿಗೆ ಅದು ಹುಟ್ಟಿನಿಂದ ಬಂದಿರುವುದಿಲ್ಲ. ಈಚೆಗೆ ಗಾಳಿ ಸ್ವಲ್ಪ ತಿರುಗಿದೆ. 2019ರಿಂದ ಆಸಾಡಿ ಅಮಾಸಿಯ ದಿನ ವಿಶ್ವ ಕುಂದಾಪ್ರ ಕನ್ನಡ ದಿನ ನಡೆಯುತ್ತಿದೆ. ಬಸ್ರೂರಿನ ರವಿ ಬಸ್ರೂರು ಕೆಜಿಎಫ್ ಚಿತ್ರಕ್ಕೆ ಸಂಗೀತ ಕೊಟ್ಟು ದೇಶಕ್ಕೆಲ್ಲ ಗೊತ್ತಾದ ಮೇಲೂ ಊರಿನ ಮಕ್ಕಳನ್ನೇ ಹಾಕಿಕೊಂಡು 2019ರಲ್ಲಿ 'ಗಿರ್ಮಿಟ್' ಎಂಬ ಚಿತ್ರ ತೆಗೆದರು. ಅದರಲ್ಲಿ ದೊಡ್ಡವರ ಪಾತ್ರಗಳೆಲ್ಲ ಮಕ್ಕಳವೇ. ಇಂಥದು ಹತ್ತು ಆಗಬೇಕು.

ಅಮಾಸೆ ಅಂದಾಗ ನಮ್ಮೂರಿನ ಹೆಸರು ನೆನಪಾಗದೆ ಇರುತ್ತದೆಯೇ? ಹೆಸರಿನಲ್ಲಿ ಅಮಾಸೆ ಹೊತ್ತ ಈ ಊರಿನಲ್ಲಿ ಹಿರಿಯರಾದ ಎ. ಜಿ. ಕೊಡ್ಗಿಯವರು ಮುಂದೆ ನಿಂತು ಮನೆ ಮನೆಗೂ ಸೌರದೀಪ ಹಾಕಿಸಿದರು. ಅತ್ತ ಹೊಸಂಗಡಿಯಲ್ಲಿ ವಾರಾಹಿ ಹೊಳೆಯ ನೀರು ನೆಲದಡಿಯ ಯಂತ್ರಾಗಾರದಲ್ಲಿ ಕರೆಂಟಾಗಿ ನಾಡಿಗೆಲ್ಲ ಹರಿಯುತ್ತದೆ. ಇತ್ತ ಕಾಡಿನ ನಡುವೆ ಒಂಟಿಯಾಗಿರುವ ಮನೆಗಳಲ್ಲಿ ಮಳೆಗಾಲದ ಗಾಳಿಗೆ ತಂತಿ ಹರಿದರೆ ಎಷ್ಟೋ ದಿನ ಚಿಮಣಿ ದೀಪವೇ ಗತಿಯಾಗಿತ್ತು. ಕೊಡ್ಗಿಯವರು ಪೇಟೆಯ ಅಂಗಡಿಸಾಲಿಗೆ ಒಂದು ದೊಡ್ಡ ದೀಪ ಹಾಕಿಸಿ ಸುಮ್ಮನಾಗಲಿಲ್ಲ. ಕಡೆಯ ಮನೆಯ ಹುಡುಗ ಓದುವ ಜಾಗಕ್ಕೂ ಬೆಳಕು ಮುಟ್ಟಬೇಕು ಎಂದು ಹೊರಟರು. ಮಕ್ಕಳನ್ನು ಆರಿಸುವಾಗಲೂ ನನಗೆ ಅದೇ ಲೆಕ್ಕ ಸರಿ ಅನಿಸುತ್ತದೆ.

ಟಿವಿಯ ಸಂಗೀತ ಸ್ಪರ್ಧೆಗಳ ಮಾತು ಎತ್ತದಿದ್ದರೆ ಈ ಹರಟೆ ಪೂರ್ತಿಯಾಗದು. 'ಎದೆ ತುಂಬಿ ಹಾಡುವೆನು' ಬರುತ್ತಿದ್ದ ಕಾಲದಲ್ಲಿ ನಮ್ಮ ಮನೆಯಲ್ಲಿ ಆ ಹೊತ್ತಿಗೆ ಊಟಕ್ಕೆ ಎಬ್ಬಿಸುವಂತಿರಲಿಲ್ಲ. ಎಸ್. ಪಿ. ಬಾಲಸುಬ್ರಹ್ಮಣ್ಯಂ ಒಂದು ಮಗುವಿನ ತಪ್ಪು ತಿದ್ದುವಾಗ ಮೊದಲು ತಾವು ಆ ಸಾಲು ಹಾಡಿ ತೋರಿಸುತ್ತಿದ್ದರು, ಆಮೇಲೆ ಆ ಹಾಡು ಹುಟ್ಟಿದ ದಿನದ ಕಥೆ ಹೇಳುತ್ತಿದ್ದರು. ತಪ್ಪು ಮಾಡಿದ್ದಕ್ಕೆ ಬಹುಮಾನವಾಗಿ ಕಥೆ ಸಿಕ್ಕಿದಂತೆ ಆಗುತ್ತಿತ್ತು ಮಗುವಿಗೆ. ಆಮೇಲೆ ಸರಿಗಮಪ ಲಿಟಲ್ ಚಾಂಪ್ಸ್ ಬಂತು. ಹಂಸಲೇಖ ಅವರು ಮಹಾಗುರುಗಳಾಗಿ ಕೂತು ಮಕ್ಕಳಿಗೆ ಹೇಳುವ ಮಾತು ಕೇಳಲೆಂದೇ ನಾನು ನೋಡುತ್ತಿದ್ದೆ. ಕೂಲಿ ಮಾಡುವವರ, ಆಟೋ ಓಡಿಸುವವರ ಮಕ್ಕಳು ಅಲ್ಲಿ ನಿಂತು ಹಾಡಿದ್ದನ್ನು ಕಂಡಾಗ ಕಣ್ಣು ಒದ್ದೆಯಾಗಿದೆ. ಆದರೆ ಯಾರು ಉಳಿದರು, ಯಾರು ಹೊರಬಿದ್ದರು ಎಂದು ಹೇಳುವ ಮುಂಚೆ ಬೆಳಕು ಕೆಂಪಾಗಿ, ತಮಟೆಯ ಸದ್ದೆದ್ದು, ಮಗುವಿನ ಮುಖವನ್ನು ಪರದೆಯ ತುಂಬ ತೋರಿಸುತ್ತಾರಲ್ಲ, ಅದು ನನಗೆ ಎಂದೂ ಸರಿಬಂದಿಲ್ಲ. ಅಳು ತಡೆಯುವ ಮಗುವಿನ ಗಲ್ಲ ನಡುಗುವುದನ್ನು ಲಕ್ಷಾಂತರ ಜನ ನೋಡಬೇಕಾಗಿಲ್ಲ. ಬಾಲನಟರ, ಸ್ಪರ್ಧಿಗಳ ವಿಷಯದಲ್ಲಿ ಕಾನೂನು ಇದೆ: ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು, ಮೂರು ಗಂಟೆಗೊಮ್ಮೆ ವಿಶ್ರಾಂತಿ ಬೇಕು, ಸತತ 27 ದಿನ ಮೀರಬಾರದು, ಗಳಿಕೆಯ ಶೇಕಡ 20ನ್ನಾದರೂ ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಡಬೇಕು. 2017ರ ನಿಯಮ ಅದು. ಒಳ್ಳೆಯದೇ. ಗಲ್ಲ ನಡುಗುವುದಕ್ಕೆ ಮಾತ್ರ ಯಾವ ನಿಯಮವೂ ಇಲ್ಲ, ಅದು ನಮ್ಮ ಮನಸ್ಸಿಗೆ ಬಿಟ್ಟದ್ದು.

ಈ ವಿಷಯದಲ್ಲಿ ಆ ಜೂನಿಯರ್ ಯೂರೋವಿಷನ್‌ನವರು ಮಾಡಿದ ಒಂದು ಸಣ್ಣ ಕೆಲಸ ನನಗೆ ತುಂಬ ದೊಡ್ಡದಾಗಿ ಕಂಡಿತು. 2005ರಿಂದ ಸುಮಾರು ಹತ್ತು ವರ್ಷ, ಸ್ಪರ್ಧೆ ಶುರುವಾಗುವ ಮೊದಲೇ ಎಲ್ಲ ಮಕ್ಕಳ ಹೆಸರಿನ ಮುಂದೆ ಹನ್ನೆರಡು ಅಂಕ ಬರೆದುಬಿಡುತ್ತಿದ್ದರು. ಯಾವ ದೇಶದ ಮಗುವೂ ಸೊನ್ನೆ ಹೊತ್ತುಕೊಂಡು ಮನೆಗೆ ಹೋಗಬಾರದು ಎಂದು. ಹನ್ನೆರಡು ಅಂದರೆ ಅಲ್ಲಿ ಒಂದು ದೇಶ ಇನ್ನೊಂದಕ್ಕೆ ಕೊಡಬಹುದಾದ ಅತಿ ಹೆಚ್ಚಿನ ಅಂಕ. ಎಲ್ಲರಿಗೂ ಮೊದಲೇ ಒಬ್ಬರ ಪೂರ್ಣ ಮೆಚ್ಚುಗೆ ಕೊಟ್ಟು ಆಮೇಲೆ ಹಾಡಿಸುವುದು! ಸ್ಪರ್ಧೆಯನ್ನು ಹುಟ್ಟಿಸಿದ ಡೆನ್ಮಾರ್ಕ್ ಮತ್ತು ಜೊತೆಗಿದ್ದ ನಾರ್ವೆ ಇನ್ನೂ ಮುಂದೆ ಹೋದವು. ಮಕ್ಕಳ ಮೇಲೆ ಭಾರ ಹೆಚ್ಚಾಗುತ್ತಿದೆ ಎಂದು 2006ರಲ್ಲಿ ಅದನ್ನು ಬಿಟ್ಟು, ತಮ್ಮ ನೆರೆಹೊರೆಯ ನಾಡುಗಳ ಸಣ್ಣ ಸ್ಪರ್ಧೆಗೆ ಮರಳಿದವು. ತಾವೇ ಕಟ್ಟಿದ್ದನ್ನು ಮಕ್ಕಳಿಗಾಗಿ ಬಿಟ್ಟು ಬರುವುದಕ್ಕೆ ಧೈರ್ಯ ಬೇಕು.

ನಮ್ಮಲ್ಲಿ ಸ್ಪರ್ಧೆಯೇ ಇಲ್ಲದೆ ಮಕ್ಕಳನ್ನು ವೇದಿಕೆಗೆ ತರುವ ದಾರಿ ಇರಲಿಲ್ಲವೇ? ಇತ್ತು, ಇದೆ. ನವರಾತ್ರಿಯಲ್ಲಿ ಹೂವಿನಕೋಲು ಬರುತ್ತದಲ್ಲ. ಆರು–ಏಳು ವರ್ಷದಿಂದ ಹನ್ನೆರಡರ ತನಕದ ಮಕ್ಕಳು, ಜೊತೆಗೆ ಒಬ್ಬ ಭಾಗವತರು, ಒಬ್ಬ ಮದ್ದಲೆಯವರು. ಚಾವಡಿಯಲ್ಲಿ ಚಾಪೆ ಹಾಸಿದರೆ ಮಕ್ಕಳು ಬಣ್ಣದ ಕಾಗದದ ಹೂ ಕಟ್ಟಿದ ಕೋಲು ಹಿಡಿದು ಎದುರುಬದುರು ಕೂರುತ್ತಾರೆ. ಮೊದಲು ಮನೆಯವರನ್ನು ಹರಸುವ ಹಾಡು, ಆಮೇಲೆ ಯಕ್ಷಗಾನ ಪ್ರಸಂಗದ ಒಂದು ತುಣುಕು. ಎಂಟು ವರ್ಷದ ಅರ್ಜುನ ಏಳು ವರ್ಷದ ಕೃಷ್ಣನನ್ನು ದಬಾಯಿಸುತ್ತಾನೆ. ಕೊನೆಗೆ ಅಕ್ಕಿ, ತೆಂಗಿನಕಾಯಿ, ಕೈಲಾದಷ್ಟು ದುಡ್ಡು. ಯಾರು ಮೊದಲು, ಯಾರು ಎರಡನೆಯವರು ಎಂದು ಯಾರೂ ಕೇಳುವುದಿಲ್ಲ. ಮಾತು ಮರೆತರೆ ಭಾಗವತರು ಮೆಲ್ಲಗೆ ಎತ್ತಿಕೊಡುತ್ತಾರೆ; ಅಲ್ಲಿ ಎತ್ತಿಕೊಡುವುದು ತಪ್ಪೇ ಅಲ್ಲ. 1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪರೂ ಎಚ್. ಶ್ರೀಧರ ಹಂದೆಯವರೂ ಸೇರಿ ಸಾಲಿಗ್ರಾಮ ಮಕ್ಕಳ ಮೇಳ ಕಟ್ಟಿದ್ದು ಇದೇ ಮಣ್ಣಿನಲ್ಲಿ. ಮಕ್ಕಳಿಂದ ಇಡೀ ಆಟ ಆಡಿಸಬಹುದು ಎಂದು ನಂಬಿ ಹೊರಟ ಇಬ್ಬರು ಹಿರಿಯರು ಅವರು.

ಆದರೆ ಯಕ್ಷಗಾನದಲ್ಲೂ ಒಂದು ಎಚ್ಚರ ಬೇಕು. ಭಾಗವತ ಕಾಳಿಂಗ ನಾವಡರ ಕಾಲದಲ್ಲಿ ನಮ್ಮ ಕಡೆ ಸ್ವರ ಇದ್ದ ಹುಡುಗರೆಲ್ಲ ನಾವಡರಂತೆಯೇ ಹಾಡಲು ಹೊರಟರು. 1990ರಲ್ಲಿ ಆ ಸ್ವರ ನಿಂತುಹೋದ ಮೇಲಂತೂ ಕ್ಯಾಸೆಟ್ಟು ಹಾಕಿ ಕೇಳಿ ಕೇಳಿ ಅನುಕರಿಸಿದರು. ಪ್ರೀತಿಯಿಂದ ಮಾಡಿದ್ದು, ತಪ್ಪೆನ್ನಲಾರೆ. ಈಗ ಆ ಜಾಗಕ್ಕೆ ಕರೋಕೆ ಬಂದಿದೆ. ಮೊಬೈಲಿನಲ್ಲಿ ಟ್ರ್ಯಾಕ್ ಹಾಕುತ್ತಾರೆ. ಟ್ರ್ಯಾಕು ಸಿನಿಮಾದ ಗಾಯಕನ ಶ್ರುತಿಯಲ್ಲಿರುತ್ತದೆ. ಮಗುವಿನ ಕಂಠಕ್ಕೆ ಹಾರ್ಮೋನಿಯಂನ ಕಪ್ಪು ಮೂರು ಒಗ್ಗುತ್ತದೋ ಬಿಳಿ ನಾಲ್ಕೋ ಎಂದು ನೋಡುವವರಿಲ್ಲ. ಒಬ್ಬ ಹುಡುಗ ಮೇಲಿನ ಷಡ್ಜಕ್ಕೆ ಏರಲಾಗದೆ ಕತ್ತಿನ ನರ ಉಬ್ಬಿಸಿ, ಹಿಮ್ಮಡಿ ಎತ್ತಿ ನಿಂತದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಟ್ರ್ಯಾಕ್ ನಿಲ್ಲಿಸಿ, "ನಿಂಗೆ ಎಲ್ಲಿಂದ ಸುಲಭವೋ ಅಲ್ಲಿಂದ ಹಾಡು" ಎಂದೆವು. ಅದೇ ಹಾಡು, ಅದೇ ಹುಡುಗ. ಹಿಮ್ಮಡಿ ನೆಲಕ್ಕೆ ಬಂತು, ಸ್ವರ ಎದೆಯಿಂದ ಬಂತು. ಒಂದು ನಿಮಿಷದ ಕೆಲಸ.

ಕೆಂಪು ರಿಬ್ಬನ್ನಿನ ಹುಡುಗಿಯ ಅಜ್ಜಿ ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಕೈಯಲ್ಲಿ ಬಾಳೆಎಲೆಯಲ್ಲಿ ಕಟ್ಟಿದ ಅಬ್ಬಲಿಗೆ ದಂಡೆ. ನನ್ನನ್ನು ಗುರುತಿಸಿ ಅವರೇ ಮಾತಾಡಿಸಿದರು. "ಮೂರನೇದ್ ಬಂತಲ್ದಾ, ಅಡ್ಡಿಲ್ಲ ಮಾರಾಯ್ರೆ. ಮಗುಗೆ ಒಂದ್ ಸರ್ಟಿಫಿಕೇಟ್ ಆಯ್ತ್," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಹಾಡ್ ಮಾತ್ರ ಈಗ ಹೇಳುದಿಲ್ಲ. ಕೇಂಡ್ರೆ, ಅದಕ್ಕೆ ಮಾರ್ಕ್ ಇಲ್ಲ ಅಂತ್," ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಬಸ್ಸು ಬಂತು, ಅವರು ಹತ್ತಿದರು.

ಆಮೇಲೆ ನಾನು ತೀರ್ಪುಗಾರನಾಗಿ ಕೂತ ಕಡೆಯೆಲ್ಲ ಮೊದಲೇ ಎರಡು ಮಾತು ಹೇಳಿಬಿಡುತ್ತೇನೆ. ಮಗು ಮನೆಯಲ್ಲಿ ಕಲಿತ ಹಾಡು ಹಾಡುತ್ತೇನೆಂದರೆ ಅದು ಯಾವ ವಿಭಾಗಕ್ಕೆ ಸೇರುತ್ತದೆ ಎಂದು ತಲೆ ಕೆಡಿಸಿಕೊಳ್ಳದೆ ಕೇಳೋಣ; ಸಾಲು ಮರೆತರೆ ಭಾಗವತರಂತೆ ಎತ್ತಿಕೊಡೋಣ. ಕೆಲವರು ಒಪ್ಪುತ್ತಾರೆ, ಕೆಲವರು ನಿಯಮ ತೋರಿಸುತ್ತಾರೆ. ನಿಯಮ ತೋರಿಸುವವರ ಮೇಲೆ ನನಗೆ ಸಿಟ್ಟಿಲ್ಲ. ನಿಯಮ ಇಲ್ಲದಿದ್ದರೆ ಶಿಫಾರಸಿನವರ ಮಕ್ಕಳೇ ಮುಂದೆ ಹೋಗಿಯಾರು ಎಂಬ ಅವರ ಹೆದರಿಕೆ ಸುಳ್ಳಲ್ಲ. ಆದರೂ ಒಂದು ನಾಡು ಯಾರನ್ನು ಕಳಿಸೋಣ ಎಂದು ಕೂತು ಯೋಚಿಸುವಾಗ, ತನ್ನ ನಾಲಿಗೆಯಲ್ಲಿ ಹಾಡುವ ಮಗುವನ್ನು ಬಿಟ್ಟು ಇನ್ನೊಬ್ಬರ ಧ್ವನಿಯನ್ನು ಚೆನ್ನಾಗಿ ಕದ್ದ ಮಗುವನ್ನು ಕಳಿಸಿದರೆ, ಅಲ್ಲಿಗೆ ಹೋಗಿ ಹಾಡಿದ್ದು ಯಾರು? ನನಗೆ ಈ ವಿಷಯದಲ್ಲಿ ಅನುಮಾನವೇ ಉಳಿದಿಲ್ಲ.

ನಿಮ್ಮೂರ ಶಾಲೆಯಲ್ಲೂ ಈ ವರ್ಷ ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿ ನಡೆಯುತ್ತದೆ. ಅಲ್ಲಿಗೆ ಬರುವವರು ಟೀಚರುಗಳು, ಹಾಡುವ ಮಕ್ಕಳು, ಅವರಲ್ಲಿ ಕೆಲವರ ಅಮ್ಮಂದಿರು, ಇಷ್ಟೇ ಜನ. ಒಂದು ದಿನ ಕೆಲಸ ಬಿಟ್ಟು ಹೋಗಿ. ಮುಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಎಲ್ಲ ಮಕ್ಕಳಿಗೂ ಚಪ್ಪಾಳೆ ತಟ್ಟಿ, ಮತ್ತು ಕಡೆಯ ನಂಬರಿನ ಮಗು ಹಾಡಿ ಮುಗಿಸುವ ತನಕ ದಯವಿಟ್ಟು ಏಳಬೇಡಿ.